ಘೋಡಗೇರಿಯ ಹುಳಿ ಗಡಿಗೆ

ಗೋಕಾಕದ ಕ್ಯಾಂಪು ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಒಂದು ಮುಂಜಾನೆ ನಮ್ಮ ನಾಟಕ ಕಂಪನಿಯ ನಾಯಕಿ ಅಡಿಗೆಯ ಚಪ್ಪರಕ್ಕೆ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು.

“ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಇಲ್ನೋಡ್ರಿ,” ಎಂದು ಪಿಸುಗುಟ್ಟಿ ಸೆರಗು ಸರಿಸಿದಳು.

ಮೇಲಿನ ತುಟಿ ಊದಿ ಮೂಗಿಗೆ ಹತ್ತಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ನನಗೆ ನಗು ತಡೆಯಲಿಲ್ಲ. “ಹನುಮಂತನ ಪಾರ್ಟು ಖಾಲಿ ಐತಿ, ಮಾಲಕರಿಗಿ ಹೇಳ್ಲೇನು?” ಎಂದೆ. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಬಂದ ದನಿ ಕೇಳಿ ನನ್ನ ನಗು ಅಲ್ಲೇ ನಿಂತಿತು. ಹಿಂದಿನ ದಿನ ಥೇಟರಿನ ಕಟ್ಟಕಡೆಗೆ ನೆಲದ ಮೇಲೆ ಕೂತವರಿಗೂ ಸ್ಪಷ್ಟವಾಗಿ ಕೇಳಿಸಿದ ದನಿ ಅದು. ಈಗ ಒಲೆಯ ಈಚೆ ಕೂತ ನನಗೇ ಕೇಳಿಸುತ್ತಿರಲಿಲ್ಲ.

ನಾನು ಆ ಕಂಪನಿಯ ಅಡಿಗೆಯವಳು. ಅವಳು ನನಗಿಂತ ಬಹಳ ಚಿಕ್ಕವಳು, ಘೋಡಗೇರಿಯ ಕಡೆಯವಳು. ತಾಯಿ ತೀರಿಕೊಂಡ ಮೇಲೆ ಕಂಪನಿ ಸೇರಿದ್ದಳು. ಲಿಂಗ ಕಟ್ಟಿಕೊಂಡ ಮನೆತನದ ಹೆಣ್ಣುಮಗಳು ಬಣ್ಣ ಹಚ್ಚಿಕೊಂಡು ನಿಂತಳು ಎಂದು ಅಣ್ಣ ಮನೆಯ ಬಾಗಿಲು ಮುಚ್ಚಿಬಿಟ್ಟಿದ್ದ. ಕಂಪನಿಗೆ ಬಂದ ದಿನ ಅವಳ ಹತ್ತಿರ ಇದ್ದದ್ದು ಒಂದು ತಗಡಿನ ಟ್ರಂಕು ಮತ್ತು ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಗಡಿಗೆ. ಟ್ರಂಕನ್ನು ಆಳಿನ ಕೈಗೆ ಕೊಟ್ಟಳು, ಗಡಿಗೆಯನ್ನು ಮಾತ್ರ ತಾನೇ ಹೊತ್ತು ತಂದು ನನ್ನ ಮುಂದೆ ಇಟ್ಟಳು. “ಇದನ್ನ ತೊಳೀಬ್ಯಾಡ್ರಿ ಅಕ್ಕಾ. ನಮ್ಮವ್ವನ ಹುಳಿ ಐತಿ ಇದರಾಗ,” ಎಂದಳು.

ಅಂಬಲಿಯ ಹುಳಿ ಗಡಿಗೆಯನ್ನು ನಮ್ಮ ಕಡೆ ಯಾರೂ ತಿಕ್ಕಿ ತೊಳೆಯುವುದಿಲ್ಲ. ತಳದಲ್ಲಿ ಒಂದು ಹಿಡಿ ಹಳೆಯ ಹುಳಿ ಉಳಿಸಿ, ಅದರ ಮೇಲೆ ಜೋಳದ ಹಿಟ್ಟು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಬಟ್ಟೆ ಕಟ್ಟಿ ಒಲೆಯ ಹಿಂದೆ ಇಡಬೇಕು. ಮರುದಿನ ಮುಂಜಾನೆ ಅದು ಉಬ್ಬಿ, ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿರುತ್ತವೆ. ಒಂದು ಹಿಡಿ ಮತ್ತೆ ಗಡಿಗೆಯಲ್ಲೇ ಬಿಟ್ಟು ಉಳಿದದ್ದನ್ನು ಕುದಿಯುವ ನೀರಿಗೆ ಹೊಯ್ದು ತಿರುವಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬಳ್ಳೊಳ್ಳಿ. ಹೀಗೆ ಒಂದು ಮನೆಯ ಹುಳಿ ಒಂದು ದಿನವೂ ಸಾಯದೆ ತಾಯಿಯಿಂದ ಮಗಳಿಗೆ ಬರುತ್ತದೆ. ಅವಳ ತಾಯಿ ಕಲಸಿಟ್ಟ ಹಿಟ್ಟೇ ದಿನಾ ದಿನಾ ಬೆಳೆಯುತ್ತ ಅವಳಿಗೆ ಅನ್ನವಾಗಿತ್ತು. ಚಕ್ಕಡಿಯಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವಾಗ ಆ ಗಡಿಗೆ ನನ್ನ ತೊಡೆಯ ಮೇಲೆಯೇ ಇರುತ್ತಿತ್ತು. ಬೇರೆಯವರ ಕೈಗೆ ಕೊಡಲು ಅವಳೂ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ.

ಮೊದಲು ಎಲ್ಲರೂ ಬಣ್ಣದ ಮೇಲೆ ತಪ್ಪು ಹೊರಿಸಿದರು. ಅರದಾಳ, ಸಫೇದ ಹಚ್ಚಿ ಹಚ್ಚಿ ಚರ್ಮ ಕೆಟ್ಟಿದೆ ಎಂದರು. ಎರಡು ನಾಟಕ ಬಣ್ಣವಿಲ್ಲದೆ, ಬರೀ ಕುಂಕುಮ ಕಾಡಿಗೆಯಲ್ಲಿ ಮಾಡಿದಳು. ಮುಖದ ಊತವಾಗಲಿ, ಮೈಮೇಲೆ ಎದ್ದ ದದ್ದಾಗಲಿ ಹೋಗಲಿಲ್ಲ. ಯಾರೋ ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟು ಇಳಿ ತೆಗೆದೆ. ಆಮೇಲೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ತಮ್ಮ ತೀರ್ಪು ಕೊಟ್ಟರು: “ಪಿತ್ತರೀ ಅದು, ಖರೆ ಪಿತ್ತ. ಜಾಗರಣಿ ಮಾಡಿ ಮಾಡಿ ಮೈಯಾಗ ಉಷ್ಣ ಏರೇತಿ. ತಂಪ ಕೊಡ್ರಿ ಅಕ್ಕಾರ.” ಈ ಮಾತಿಗೆ ಕಂಪನಿಯಲ್ಲಿ ಯಾರೂ ಎದುರಾಡಲಿಲ್ಲ. ಪಿತ್ತದ ಗಂದೆ ಎದ್ದವರನ್ನು ಕಂಬಳಿಯಿಂದ ಉಜ್ಜಬೇಕು, ಹುಳಿ ಅಂಬಲಿ ಕುಡಿಸಬೇಕು. ನಮ್ಮಜ್ಜಿಗೂ ಅದೇ ಗೊತ್ತಿತ್ತು, ನನಗೂ ಅದೇ.

ಮುಂಜಾನೆ ಒಂದು ಬಟ್ಟಲು ಕುಡಿಯುವವಳಿಗೆ ಮೂರು ಹೊತ್ತೂ ಕೊಡತೊಡಗಿದೆ. ಗಂದೆ ಹೆಚ್ಚಾದಷ್ಟು ಅಂಬಲಿ ಹೆಚ್ಚಿಸಿದೆ. ಅವಳಿಗೂ ಅದು ಬೇಕಾಗಿತ್ತು. “ಬಾಯಿಗಿ ಇದೊಂದ ಹಿತ ಅನಸ್ತೈತಿ ಅಕ್ಕಾ,” ಎಂದು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿಯುತ್ತಿದ್ದಳು. ಕುಡಿದು ಸ್ವಲ್ಪ ಹೊತ್ತಿಗೆ ಮೈ ಕೆರೆಯತೊಡಗುವುದು. ಆಗ ನಾನು ಕಂಬಳಿ ತರುವೆ.

ಒಂದು ಶನಿವಾರ ಎರಡನೆಯ ಅಂಕದಲ್ಲಿ ಅವಳ ಹಾಡು ನಡುವೆಯೇ ನಿಂತುಹೋಯಿತು. ಪೇಟಿ ಮಾಸ್ತರರು ಪೇಟಿಯಲ್ಲೇ ಹಾಡು ಮುಗಿಸಿದರು. ಜನ ಸೀಟಿ ಹೊಡೆದರು. ಮರುದಿನ ಮಾಲಕರು ಅಡಿಗೆ ಚಪ್ಪರಕ್ಕೇ ಬಂದು ನನ್ನೆದುರಿಗೇ ಅವಳಿಗೆ ಹೇಳಿದರು: “ನಿನ್ನ ಮ್ಯಾಲ ನನಗೇನ ಸಿಟ್ಟಿಲ್ಲವಾ. ಆದ್ರ ಹುಕ್ಕೇರಿಯೊಳಗ ಹೊಸಾ ನಾಟಕ ಹಚ್ಚಬೇಕಾಗೇತಿ. ಅಷ್ಟರಾಗ ಕೊರಳ ಸುದ್ದ ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ಬ್ಯಾರೆಯಾಕಿನ್ನ ಕರಸ್ತೇನಿ. ನಿನ್ನ ಇಟಗೊಂಡ ನಾ ಏನ ಮಾಡ್ಲಿ?”

ಅವರು ಹೋದ ಮೇಲೆ ಅವಳು ಅಳಲಿಲ್ಲ. “ನಾ ಎಲ್ಲಿಗಿ ಹೋಗಲಿ ಅಕ್ಕಾ?” ಎಂದು ಮಾತ್ರ ಕೇಳಿದಳು. ಘೋಡಗೇರಿಯ ಬಾಗಿಲು ಮುಚ್ಚಿದೆ, ಕೊರಳು ಹೋದರೆ ಕಂಪನಿಯ ಬಾಗಿಲೂ ಮುಚ್ಚುತ್ತದೆ. ಅವತ್ತೇ ಅವಳನ್ನು ಗೋಕಾಕದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರರು ಮುಂಬಯಿಯಲ್ಲಿ ಕಲಿತು ಬಂದವರು, ನಿಧಾನದ ಮನುಷ್ಯ. ನಾಲಿಗೆ, ಗಂಟಲು, ಮೈ ಎಲ್ಲ ನೋಡಿದರು. ಆಮೇಲೆ ಕಣ್ಣಿನ ಚಾಳೀಸು ತೆಗೆದು, “ಬಾಯಾರ, ಕೇಳ್ತೇನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಸಿಂದಿ ಕುಡ್ಯೂದ ಐತೇನು?” ಎಂದರು.

ಹೊರಗೆ ಬೆಂಚಿನ ಮೇಲೆ ಕೂತ ಜನಕ್ಕೆಲ್ಲ ಕೇಳಿಸಿತು. ನನ್ನ ಮೈ ಉರಿದುಹೋಯಿತು. “ಯಾರಿಗಿ ಏನ ಕೇಳಾಕತ್ತೀರಿ? ಕೊರಳಾಗಿನ ಲಿಂಗ ಕಾಣಸೂದಿಲ್ಲೇನು? ನಾಟಕದಾಕಿ ಅಂದ್ರ ಕುಡ್ಯಾಕಿ ಅಂತ ತಿಳಕೊಂಡೀರೇನು?” ಎಂದು ಬಾಯಿಗೆ ಬಂದಂತೆ ಅಂದೆ. ಅವರು ಚಾಳೀಸು ಮತ್ತೆ ಹಾಕಿಕೊಂಡರು. “ಇಲ್ಲಂದ್ರ ಬಿಡ್ರಿ. ಕೇಳಾಕ ಕಾರಣ ಇತ್ತು,” ಎಂದರಷ್ಟೆ. ಆ ಕಾರಣ ಏನೆಂದು ಕೇಳುವ ತಾಳ್ಮೆ ನನಗಿರಲಿಲ್ಲ.

ಆಮೇಲೆ ಅವರು ತಿಳಿಸಿ ಹೇಳಿದರು. ಕೆಲವರ ಮೈಗೆ ಯಾವುದೋ ಒಂದು ಪದಾರ್ಥ ಒಗ್ಗುವುದಿಲ್ಲ, ಎಲ್ಲರೂ ತಿನ್ನುವ ಅದೇ ಪದಾರ್ಥವನ್ನು ಅವರ ಮೈ ವಿಷವೆಂದು ತಿಳಿಯುತ್ತದೆ, ಇಂಗ್ಲಿಷಿನಲ್ಲಿ ಅಲರ್ಜಿ ಅನ್ನುತ್ತಾರೆ ಎಂದರು. ಯಾವ ಪದಾರ್ಥವೆಂದು ಕಂಡುಹಿಡಿಯಲು ಒಂದೇ ದಾರಿ: ಸಂಶಯ ಬಂದದ್ದನ್ನೆಲ್ಲ ಬಿಡಿಸಬೇಕು, ಮೈ ತಿಳಿಯಾದ ಮೇಲೆ ಒಂದೊಂದನ್ನೇ ಮತ್ತೆ ಕೊಟ್ಟು ನೋಡಬೇಕು. “ದಿನಾ ಏನೇನ ತಿಂತಾರ, ಒಂದೂ ಬಿಡದಂಗ ಹೇಳ್ರಿ,” ಎಂದರು.

ನಾನು ಒಂದೂ ಬಿಡದಂತೆ ಹೇಳಿದೆ. ರೊಟ್ಟಿ, ತೊಗರಿ ಬೇಳೆ, ಬದನೆಕಾಯಿ, ಪುಂಡಿಪಲ್ಯ, ಶೇಂಗಾ, ಗುರೆಳ್ಳು, ಅಗಸಿ ಚಟ್ನಿ, ಹಸಿ ಖಾರ, ಬೆಲ್ಲ. ಅಂಬಲಿಯ ಹೆಸರು ಬಾಯಿಗೇ ಬರಲಿಲ್ಲ. ಮುಚ್ಚಿಟ್ಟೆ ಅಂತಲ್ಲ. ಅವರು ಕೇಳಿದ್ದು ಊಟ, ಅಂಬಲಿ ತಂಪು. ಕಾಯಿಲೆ ಬಿದ್ದವಳಿಗೆ ನಾನು ಕೊಡುತ್ತಿದ್ದ ಮದ್ದು ಅದು. ಅದನ್ನು ತಿನಿಸಿನ ಸಾಲಿನಲ್ಲಿ ಹೇಳಬೇಕೆಂದು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಹೊಳೆಯುತ್ತಿರಲಿಲ್ಲ. ಅವಳೂ ಬಾಜೂಕೆ ಕೂತು ಹೂಂ ಹೂಂ ಎಂದು ತಲೆಯಾಡಿಸಿದಳು.

ಹೀಗಾಗಿ ಬದನೆಕಾಯಿ ಹೋಯಿತು, ಶೇಂಗಾ ಹೋಯಿತು, ಖಾರ, ಚಟ್ನಿ, ಪಲ್ಯ, ಬೆಲ್ಲ ಎಲ್ಲ ಹೋದವು. ರೊಟ್ಟಿ, ಉಪ್ಪು ಹಾಕಿದ ಬೇಳೆಯ ನೀರು. ಹೊಟ್ಟೆ ತುಂಬಲು ಅಂಬಲಿ. ಮೂವತ್ತು ಜನರಿಗೆ ಎಣ್ಣೆಗಾಯಿ ಮಾಡುತ್ತ ಅವಳ ಪರಿಯಾಣಕ್ಕೆ ಬೇಳೆ ನೀರು ಹಾಕುವಾಗ ನನ್ನ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಅವಳು ಸೊರಗಿ ಕಡ್ಡಿಯಾದಳು, ಗಂದೆ ಮಾತ್ರ ಹೆಚ್ಚಾಯಿತು. ಡಾಕ್ಟರನಿಗೆ ಏನೂ ಬರುವುದಿಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದೆ.

ಕಂಪನಿ ಮೂಡಲಗಿಗೆ ಬಂತು. ಅಲ್ಲಿ ಥೇಟರಿನ ಜಾಗದ ಬಾಜೂಕೆ ಒಬ್ಬ ಜೈನ ಸಾವುಕಾರರ ಮನೆ. ಅವರ ತಾಯಿಯನ್ನು ಮನೆಮಂದಿಯೆಲ್ಲ ಆಯಿ ಅನ್ನುತ್ತಿದ್ದರು. ಆಕೆಗೆ ಹಿಂದೊಮ್ಮೆ ನಾವು ಮೂಡಲಗಿಗೆ ಬಂದಿದ್ದಾಗಲೇ ನಮ್ಮ ನಾಯಕಿಯ ಹಾಡು ಬಹಳ ಹಿಡಿಸಿತ್ತು. ಈಗ ಅವಳ ಮುಖ ನೋಡಿ, “ಅಯ್ಯ ಬಾಳಾ, ಏನಾತ ನಿನಗ? ಈ ತಟ್ಟಿನ ಡೇರೆಯೊಳಗ ಮಲಗಬ್ಯಾಡ, ನಮ್ಮ ಪಡಸಾಲ್ಯಾಗಿರು,” ಎಂದು ಕೈ ಹಿಡಿದು ಕರೆದುಕೊಂಡು ಹೋದರು. ನಾನು ಗಡಿಗೆ ಹೊತ್ತು ಹಿಂದೆ ಹೋದೆ. ಆಯಿ ಹೊಸ್ತಿಲಲ್ಲೇ ತಡೆದರು.

“ಅದೇನ ಅದು?”

“ಅಂಬಲಿ ಹುಳಿರೀ. ಅಕಿಗಿ ತಂಪಿಗಿ ಬೇಕು.”

“ನಿನ್ನಿ ಕಲಸಿದ್ದು ನಮ್ಮ ಮನಿಯೊಳಗ ಬರಂಗಿಲ್ಲವಾ. ನಾವು ರಾತ್ರಿ ದಾಟಿದ್ದ ತಿನ್ನಂಗಿಲ್ಲ. ಅದರಾಗ ಜೀವ ಹುಟ್ಟಿರತಾವ.”

ನನಗೆ ಅವಮಾನವಾಯಿತು. ಗಡಿಗೆ ಹಿಡಿದು ತಿರುಗಿ ಬಂದೆ. ಬರುವಾಗ, ನಾಲ್ಕು ದಿನ ಅಂಬಲಿ ಇಲ್ಲದೆ ಉಷ್ಣ ಏರಿ ಇನ್ನೂ ಕೆಡುತ್ತಾಳೆ, ಆಗ ಗೊತ್ತಾಗುತ್ತದೆ ಇವರಿಗೆ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೆಡಲಿಲ್ಲ. ಎರಡನೆಯ ದಿನ ಕಣ್ಣಿನ ಊತ ಇಳಿಯಿತು. ಆಮೇಲೆ ಗಂದೆ ಇಳಿದವು. ಒಂದು ಬೆಳಿಗ್ಗೆ ನಾನು ಕಾಯಿಪಲ್ಯ ಹೆಚ್ಚುತ್ತಿದ್ದಾಗ ಗೋಡೆಯಾಚೆಯಿಂದ ಅವಳು ಸ್ವರ ಹಿಡಿದದ್ದು ಕೇಳಿಸಿತು. ಈಳಿಗೆ ಬಿಟ್ಟು ಎದ್ದು ನಿಂತೆ. ಪೇಟಿ ಮಾಸ್ತರರು ಧೋತರ ಉಡುತ್ತಲೇ ಹೊರಗೆ ಓಡಿ ಬಂದರು. ಷಡ್ಜದಿಂದ ಮೇಲಕ್ಕೆ ಒಂದು ಕಡೆಯೂ ಒಡೆಯದೆ ಹೋಯಿತು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು. ನನ್ನ ಕೈ ಊಟದಿಂದ ಬಾರದ ಗುಣ ಅವರ ಮನೆಯಲ್ಲಿ ಹೇಗೆ ಬಂತು?

ಹೋಗಿ ಆಯಿಯ ಅಡಿಗೆ ಮನೆಯ ಹೊರಗೆ ಕೂತು ನೋಡಿದೆ. ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಹಿಟ್ಟು ಅವತ್ತಿನದು ಅವತ್ತೇ ಬೀಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಉಳಿದದ್ದನ್ನು ದನಕ್ಕೆ ಹಾಕಿ, ಪಾತ್ರೆ ಬೋರಲು ಹಾಕುತ್ತಿದ್ದರು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡು ನಾನು ತೆಗೆದ ತೀರ್ಮಾನ ಏನು ಗೊತ್ತೇ? ಉಳ್ಳಾಗಡ್ಡಿ ಬಳ್ಳೊಳ್ಳಿಯೇ ಎಲ್ಲದಕ್ಕೂ ಮೂಲ ಎಂದು!

ಅವಳು ನಮ್ಮ ಚಪ್ಪರಕ್ಕೆ ಮರಳಿ ಬಂದ ದಿನ ಬಳ್ಳೊಳ್ಳಿ ಹಾಕದೆ, ಜೀರಿಗೆ ಮಾತ್ರ ಜಜ್ಜಿ, ದೊಡ್ಡ ಬಟ್ಟಲಿನ ತುಂಬ ಅಂಬಲಿ ಕೊಟ್ಟೆ. “ಎಷ್ಟ ದಿನ ಆಗಿತ್ತ ಅಕ್ಕಾ!” ಎಂದು ಗಟಗಟ ಕುಡಿದಳು. ಸಂಜೆಯ ಹೊತ್ತಿಗೆ ತುಟಿ ಮತ್ತೆ ಊದಿತು. ಮಾಲಕರು ಅದನ್ನು ನೋಡಿ ಅಲ್ಲಿಂದಲೇ ತಿರುಗಿ ಹೊರಟುಹೋದರು. ಹುಬ್ಬಳ್ಳಿಗೆ ಪತ್ರ ಹೋಯಿತೆಂದು ಮರುದಿನ ತಿಳಿಯಿತು.

ಹುಕ್ಕೇರಿಯಲ್ಲಿ ಥೇಟರು ಕಟ್ಟುವವರೆಗೆ ಕಂಪನಿ ಬೆಲ್ಲದ ಬಾಗೇವಾಡಿಯಲ್ಲಿ ತಂಗಿತ್ತು. ಗಂಟಲ ಊತದಿಂದ ಅವಳಿಗೆ ಏನೂ ನುಂಗಲಾಗುತ್ತಿರಲಿಲ್ಲ. ಅಂಬಲಿಯನ್ನೂ ಬೇಡವೆಂದಳು. ಬಿಸಿರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಡುತ್ತಿದ್ದೆ. ಎರಡು ಮೂರು ದಿನಕ್ಕೆ ಮೈ ತಾನೇ ತಿಳಿಯಾಯಿತು. ದೇವರು ಕಣ್ಣು ತೆರೆದ ಎಂದುಕೊಂಡೆ.

ಕಬ್ಬಿನ ಸುಗ್ಗಿ. ಅಲ್ಲಿನ ರೈತರೊಬ್ಬರು ಕಂಪನಿಯವರನ್ನೆಲ್ಲ ತಮ್ಮ ಗಾಣಕ್ಕೆ ಕರೆದಿದ್ದರು. ನಾವು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು, ಎತ್ತು ಬಿಚ್ಚಿದ್ದರು. ಮುಂಜಾನೆ ಹಿಂಡಿದ ಹಾಲನ್ನು ನಮಗೆಂದೇ ಒಂದು ಹರವಿಯಲ್ಲಿ ಎತ್ತಿಟ್ಟಿದ್ದರು. “ಕುಡೀರಿ, ಕಬ್ಬಿನ ಹಾಲ ಯಾರಿಗೂ ಬಾಧಿಸೂದಿಲ್ಲ,” ಎಂದು ಅವಳಿಗೇ ಮೊದಲು ಕೊಟ್ಟರು. ಒಂದು ಚರಿಗೆ ಕುಡಿದು, “ಒಂದೀಟ ಹುಳಿ ಬಂದೈತಿ, ಚಲೋ ಐತಿ,” ಎಂದಳು.

ಉಳಿದವರಿಗೆಲ್ಲ ಹಂಚಿ ಮುಗಿಯುವ ಮೊದಲೇ ಅವಳು ನನ್ನ ತೋಳು ಹಿಡಿದಳು. ಮಾತು ಬರಲಿಲ್ಲ. ಉಸಿರು ಎಳೆದಾಗ ಸೀಟಿ ಊದಿದಂತೆ ಸದ್ದು ಬಂತು. ಕಣ್ಣೆರಡೂ ಊದಿಕೊಂಡವು. ಅವಳನ್ನು ಎದೆಗೆ ಒರಗಿಸಿಕೊಂಡು ಕೂತೆ, ಮುಖಕ್ಕೆ ಗಾಳಿ ಹಾಕಿದೆ, ಯಾವ ಯಾವ ದೇವರ ಹೆಸರು ಹೇಳಿದೆನೋ ನೆನಪಿಲ್ಲ. ಕುಡಿದದ್ದೆಲ್ಲ ವಾಂತಿಯಾಯಿತು. ಬಹಳ ಹೊತ್ತಿನ ಮೇಲೆ ಉಸಿರು ಸಡಿಲಾಯಿತು.

ಆಗ ನನ್ನ ಕಣ್ಣು ಆ ಹರವಿಯ ಮೇಲೆ ಬಿತ್ತು. ಮೇಲೆ ಬಿಳಿ ಬುರುಗು. ಹತ್ತಿರ ಹೋಗಿ ಕಿವಿಗೊಟ್ಟೆ. ಸಣ್ಣಗೆ ಸುರ್ ಎನ್ನುತ್ತಿತ್ತು. ಆ ಸದ್ದನ್ನು ನಾನು ದಿನಾ ಮುಂಜಾನೆ ಕೇಳುತ್ತಿದ್ದೆ, ಗಡಿಗೆಯ ಬಾಯಿಯ ಬಟ್ಟೆ ಬಿಚ್ಚಿದಾಗ. ಅವತ್ತು ಅವಳು ಅಂಬಲಿ ಕುಡಿದಿರಲಿಲ್ಲ, ಉಳ್ಳಾಗಡ್ಡಿ ತಿಂದಿರಲಿಲ್ಲ. ಆಯಿ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಆಗ ನನಗೆ ಅರ್ಥವಾಗತೊಡಗಿತು.

ಮರುದಿನ ಒಂದು ಸೀಸೆಯಲ್ಲಿ ಕಬ್ಬಿನ ಹಾಲು, ಇನ್ನೊಂದರಲ್ಲಿ ಗಡಿಗೆಯ ಹುಳಿ ತುಂಬಿ, ಬೂಚು ಬಿಗಿದು, ಮೋಟಾರು ಹತ್ತಿ ಗೋಕಾಕಕ್ಕೆ ಹೋದೆ. ದಾರಿಯಲ್ಲಿ ಕಬ್ಬಿನ ಹಾಲಿನ ಬೂಚು ಫಟ್ ಎಂದು ಹಾರಿ ಮುಂದೆ ಕೂತಿದ್ದ ವಕೀಲರ ಕೋಟಿನ ಮೇಲೆಲ್ಲ ಚೆಲ್ಲಿತು. “ಏನವಾ, ಸಿಂದಿ ಒಯ್ಯಾಕತ್ತಿ ಏನು?” ಎಂದರು ಅವರು. ಬೇರೆ ದಿನವಾಗಿದ್ದರೆ ಅವರಿಗೊಂದು ಗತಿ ಕಾಣಿಸುತ್ತಿದ್ದೆ. ಅವತ್ತು ಸುಮ್ಮನೆ ಸೆರಗಿನಿಂದ ಕೋಟು ಒರೆಸಿದೆ.

ಡಾಕ್ಟರರು ನನ್ನನ್ನು ನೋಡಿ, “ಬರ್ರಿ, ಬೈಯಾಕ ಬಂದೀರೇನು?” ಎಂದು ನಕ್ಕರು. ಎಲ್ಲವನ್ನೂ ಹೇಳಿದೆ. ಅಂಬಲಿಯ ಮಾತು ಬಂದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಇದನ್ನ ಅವತ್ತ ಯಾಕ ಹೇಳಲಿಲ್ರಿ?”

“ನೀವು ಊಟ ಕೇಳಿದ್ರಿ. ಇದು ತಂಪರೀ.”

ಅವರು ಹಣೆ ಹಿಡಿದುಕೊಂಡರು. ಆಮೇಲೆ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನು ಕಿಟಕಿಯ ಬೆಳಕಿಗೆ ಇಟ್ಟು, ಹುಳಿಯ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಿದರು. ನನ್ನನ್ನೂ ನೋಡಲು ಕರೆದರು. ಮೊದಲು ಮಂಜು. ಅವರು ತಿರುಪು ತಿರುಗಿಸಿದ ಮೇಲೆ ದುಂಡು ದುಂಡು ಕಾಳು ಕಾಣಿಸಿದವು. ಕೆಲವು ಕಾಳಿನ ಬಾಜೂಕೆ ಇನ್ನೊಂದು ಸಣ್ಣ ಕಾಳು, ಜೋಳಕ್ಕೆ ಮೊಳಕೆ ಬಂದಂತೆ, ಅಂಟಿಕೊಂಡಿತ್ತು. ಸೀಸೆಯಲ್ಲಿ ಉಳಿದ ಕಬ್ಬಿನ ಹಾಲಿನಲ್ಲೂ ಅದೇ ಕಾಳು.

“ಇದಕ್ಕ ಯೀಸ್ಟ್ ಅಂತಾರ,” ಎಂದರು. “ಜೀವ ಇರೂವಂಥಾದ್ದು. ಹಿಟ್ಟ ಉಬ್ಬಸೂದು ಇದ, ಸಿಂದಿ ಬುರುಗ ಬರಸೂದೂ ಇದ. ಅದಕ್ಕ ಅವತ್ತ ಸಿಂದಿ ಕೇಳಿದ್ನಿ. ಸಾಹೇಬ್ರು ತಿನ್ನೂ ಪಾವ್ ರೊಟ್ಟಿಯೊಳಗೂ ಇದ ಇರತೈತಿ. ಎಲ್ಲಾರೂ ತಿಂತಾರ, ಏನೂ ಆಗೂದಿಲ್ಲ. ಈ ಬಾಯಾರ ಮೈ ಇದನ್ನ ತಾಳೂದಿಲ್ಲ. ಇಷ್ಟ ದಿನ ತಾಳಿದ್ದ ಮೈ ಒಂದ ದಿನ ಒಮ್ಮೆಲೆ ಒಲ್ಲೆ ಅಂದಬಿಡತೈತಿ.”

“ನಾ ಕುದಿಸಿ ಕೊಡ್ತೇನಲ್ರಿ? ಕುದಿಸಿದ್ರ ಸಾಯಂಗಿಲ್ಲೇನ್ರಿ ಅವು?”

“ಸಾಯತಾವ. ಸತ್ತದ್ದನ್ನೂ ಮೈ ಗುರತ ಹಿಡಿತೈತಿ.”

“ಔಷಧ ಕೊಡ್ರಿ ಮತ್ತ.”

“ಔಷಧ ಇಲ್ಲರೀ. ತಿನ್ನದಿರೂದ ಔಷಧ. ಕೊರಳ ಉಳಿಬೇಕಂದ್ರ ಅದನ್ನ ಪೂರಾ ಬಿಡಬೇಕು. ನಿನ್ನಿ ಆದಂಗ ಮತ್ತೊಮ್ಮೆ ಆದ್ರ ಉಸರ ನಿಂತ ಹೋದೀತು.”

ಏನೇನು ಬಿಡಬೇಕು, ಏನು ನಡೆಯುತ್ತದೆ ಎಂದು ಒಂದೊಂದಾಗಿ ಕೇಳಿ ತಲೆಯಲ್ಲಿ ತುಂಬಿಕೊಂಡೆ. ಹುಕ್ಕೇರಿಯಲ್ಲಿ ಅವಳಿಗೆಂದು ಬೇರೆ ಒಲೆ ಹೂಡಿದೆ. ಬೇರೆ ಪಾತ್ರೆ, ಬೇರೆ ಸೌಟು, ಎಲ್ಲ ಬೂದಿ ಹಚ್ಚಿ ತಿಕ್ಕಿ, ಕುದಿನೀರಲ್ಲಿ ಅದ್ದಿದ್ದು. ಹಿಟ್ಟು ಆಯಿಯ ಮನೆಯಂತೆ ಅವತ್ತಿನದು ಅವತ್ತೇ. ಕಲಸಿದ ಹಿಟ್ಟು ಕೂಡಲೇ ರೊಟ್ಟಿಯಾಗಬೇಕು. ಹಳೆಯ ಉಪ್ಪಿನಕಾಯಿ ಬಂದ್. ನೀರೊಡೆದ ಬೆಲ್ಲ ಬಂದ್, ಒಣಗಿದ ಗಟ್ಟಿ ಬೆಲ್ಲವೇ ಆಗಬೇಕು. ಕಬ್ಬಿನ ಹಾಲಾದರೆ ಗಾಣದ ಬಾಯಿಂದ ಬಿದ್ದದ್ದು ಬಿದ್ದಂತೆಯೇ. ಮೊಸರಿನ ಬಗ್ಗೆ ಡಾಕ್ಟರರಿಗೂ ಖಾತ್ರಿ ಇರಲಿಲ್ಲ, ಒಂದು ಚಮಚ ಕೊಟ್ಟು ಒಂದು ದಿನ ಕಾಯಿರಿ ಎಂದಿದ್ದರು. ಕಾದೆ, ಏನೂ ಆಗಲಿಲ್ಲ. ಬದನೆಕಾಯಿ, ಶೇಂಗಾ, ಖಾರ ಎಲ್ಲ ಒಂದೊಂದಾಗಿ ಮರಳಿ ಬಂದವು. ಎಣ್ಣೆಗಾಯಿ ಬಡಿಸಿದ ದಿನ ಅವಳು ನಾಲ್ಕು ರೊಟ್ಟಿ ತಿಂದಳು. ಗಂದೆ ಹೋದವು. ಬಿಗಿದ ಕೊರಳು ದಿನದಿನಕ್ಕೂ ಸಡಿಲಾಗುತ್ತ ಬಂತು. ಪೇಟಿ ಮಾಸ್ತರರು ಒಂದು ಮಧ್ಯಾಹ್ನ ಮಾಲಕರನ್ನು ಕರೆದು ಕೂರಿಸಿ ಅವಳಿಂದ ಹಾಡಿಸಿದರು. ಅದನ್ನು ಕೇಳಿ ಮಾಲಕರೇ ಹುಬ್ಬಳ್ಳಿಯವಳಿಗೆ ಬರುವುದು ಬೇಡವೆಂದು ಹೇಳಿಕಳಿಸಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಗಡಿಗೆ ಇತ್ತಲ್ಲ.

ಉಳಿದವರಿಗಾಗಿ ಆ ಹುಳಿಯಲ್ಲಿ ಅಂಬಲಿ ಮಾಡುವುದನ್ನು ನಾನು ನಿಲ್ಲಿಸಿರಲಿಲ್ಲ. ನಿಲ್ಲಿಸಿದರೆ ಹುಳಿ ಸತ್ತುಹೋಗುತ್ತದೆ, ಅವಳ ತಾಯಿಯದು. ಮುಂಜಾನೆ ನಾನು ಬಟ್ಟೆ ಬಿಚ್ಚುವ ಹೊತ್ತಿಗೆ ಅವಳು ಏನಾದರೊಂದು ನೆಪ ಮಾಡಿಕೊಂಡು ಬಂದು ಆ ಕಡೆ ನಿಲ್ಲುತ್ತಿದ್ದಳು. ವಾಸನೆ ತೆಗೆದುಕೊಂಡು ಹೋಗುತ್ತಿದ್ದಳು. ಮನೆಬಿಟ್ಟು ಬಂದ ದಿನವೂ ಅವಳ ಮುಖ ಅಷ್ಟು ಬಡವಾಗಿರಲಿಲ್ಲ.

ಹೊಸ ನಾಟಕಕ್ಕೆ ಎರಡು ದಿನ ಉಳಿದಿದ್ದಾಗ ಮಧ್ಯಾಹ್ನ ನೀರು ತಂದು ನೋಡುತ್ತೇನೆ, ಅವಳು ಗಡಿಗೆಯ ಮುಂದೆ ಕೂತಿದ್ದಾಳೆ. ಬಟ್ಟೆ ಬಿಚ್ಚಿದೆ. ಬೆರಳು ಬಾಯಲ್ಲಿದೆ.

ಕೊಡ ಒಗೆದು ಹೋಗಿ ಅವಳ ಕೈ ಮೇಲೆ ಫಟೀರನೆ ಹೊಡೆದೆ. “ಬುದ್ಧಿ ಐತೇನ ನಿನಗ? ಸಾಯಬೇಕಂತ ಮಾಡೀಯೇನು? ಉಗುಳು! ಉಗುಳಂದ್ರ!” ಎಂದು ಕೂಗಾಡಿದೆ. ಬಾಯಿಗೆ ನೀರು ಹಾಕಿ ಮುಕ್ಕಳಿಸಲು ಹಚ್ಚಿದೆ. ಅವಳು ಎಲ್ಲವನ್ನೂ ನಾನು ಹೇಳಿದಂತೆ ಮಾಡಿದಳು. ಆಮೇಲೆ ನೆಲಕ್ಕೆ ಕುಸಿದು ಅತ್ತಳು. ತಾಯಿ ಸತ್ತದ್ದಕ್ಕೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ, ಅವತ್ತು ಕಂಡೆ.

“ಅವ್ವನ ಮಾರಿ ಮರತ ಹೋಗಾಕತ್ತೇತಿ ಅಕ್ಕಾ,” ಎಂದಳು. “ಫೋಟೋ ಇಲ್ಲ, ಏನಿಲ್ಲ. ಇದನ್ನ ಬಾಯಾಗ ಇಟ್ಟ ಕೂಡ್ಲೆ ಅಕಿ ಮುಂದ ಬಂದ ಕುಂಡ್ರತಾಳ. ಇದನ್ನೂ ಬಿಡು ಅಂದ್ರ ನಾ ಏನ ಮಾಡ್ಲಿ?”

ತಲೆ ನೇವರಿಸುತ್ತ ಕೂತೆ. ತುಟಿಯ ತುದಿ ಸ್ವಲ್ಪ ಊದಿತು, ಅಷ್ಟಕ್ಕೇ ನಿಂತಿತು. ಸಂಜೆ ಅವಳೇ ಬಂದಳು. “ಕಣ್ಣ ಮುಂದ ಇದ್ರ ನಾ ತಿಂದ ತಿಂತೇನಿ. ಒಡದ ಬಿಡ್ರಿ ಅದನ್ನ,” ಎಂದು, ನನ್ನ ಉತ್ತರಕ್ಕೂ ಕಾಯದೆ ಹೋಗಿಬಿಟ್ಟಳು.

ಮಾಲಕರೂ ಅದನ್ನೇ ಹೇಳಿದರು. ಗಡಿಗೆಯನ್ನು ಎತ್ತಿಕೊಂಡು ಬಾವಿಕಟ್ಟೆಯವರೆಗೆ ಹೋದೆ. ಕಲ್ಲಿಗೆ ಅಪ್ಪಳಿಸಿದರೆ ಮುಗಿಯಿತು. ಒಳಗೆ ಅದು ಸುರ್ ಎನ್ನುತ್ತಿತ್ತು. ಒಬ್ಬಾಕೆ ತನ್ನ ಕೈಯಾರೆ ಕಲಸಿಟ್ಟದ್ದು, ಆಕೆ ಮಣ್ಣಾದ ಮೇಲೂ ಉಸಿರಾಡುತ್ತಿದೆ. ಅದನ್ನು ಕೊಲ್ಲಲು ನಾನು ಯಾರು? ನನ್ನಿಂದ ಆಗಲಿಲ್ಲ. ಮರುದಿನ ಬೆಳಗಿನ ಅಡಿಗೆಯನ್ನು ಪೇಟಿ ಮಾಸ್ತರರ ಹೆಂಡತಿಗೆ ಒಪ್ಪಿಸಿ, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ತವರು ತುಕ್ಕಾನಟ್ಟಿಗೆ ಹೋದೆ. ನಮ್ಮಣ್ಣನ ಹೆಂಡತಿ ವೈನಿಯ ಕೈಗೆ ಕೊಟ್ಟು, ಹೇಗೆ ಕಲಸಬೇಕು, ಎಷ್ಟು ಉಳಿಸಬೇಕು ಎಲ್ಲ ಹೇಳಿದೆ. “ಯಾರದಿದು?” ಎಂದು ಕೇಳಿದರು. “ನನ್ನ ತಂಗೀದು, ಒಂದ ದಿನಾನೂ ತಪ್ಪಸಬ್ಯಾಡ್ರಿ,” ಎಂದೆ. ಕ್ಯಾಂಪಿಗೆ ಬಂದು ಅವಳಿಗೆ ವಿಷಯ ತಿಳಿಸಿದಾಗ ಅವಳು ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಹುಕ್ಕೇರಿಯ ನಾಟಕ ಗೆದ್ದಿತು. ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದರು. ನಾನು ಪರದೆಯ ಹಿಂದೆ ನಿಂತು ಕೇಳಿದೆ. ಆ ಹಾಡಿನಲ್ಲಿ ಮಗಳು ತವರಿಗೆ ಹೋಗುತ್ತಾಳೆ. ನನಗೆ ಅದನ್ನು ಕೊನೆಯವರೆಗೆ ಕೇಳಲು ಆಗಲಿಲ್ಲ.

ಆಮೇಲೆ ಊರೂರಿಗೆ ಟಾಕಿ ಸಿನೆಮಾ ಬಂತು, ಕಂಪನಿ ಮುಚ್ಚಿತು, ನಾನು ತುಕ್ಕಾನಟ್ಟಿಗೆ ಬಂದು ಕೂತೆ. ಅವಳು ಬೆಳಗಾವಿಯಲ್ಲಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದಳು. ಗಂದೆ ಎದ್ದದ್ದು ಆಮೇಲೆ ಒಂದೇ ಸಲ, ಯಾರದೋ ಮನೆಯಲ್ಲಿ ತಿಳಿಯದೆ ಪಾವು ತಿಂದಾಗ. ಒಂದು ಬೇಸಿಗೆಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಬಂದವಳೇ ಕಟ್ಟೆಯ ಮೇಲೆ ಕೂತು, “ಐತೇನ್ರಿ ಅಕ್ಕಾ?” ಎಂದಳು. ಯಾವುದು ಎಂದು ಹೆಸರು ಹೇಳಲಿಲ್ಲ. ಇದೆ ಎಂದೆ.

“ನೀವು ಕುಡೀರಿ. ನಾ ನೋಡ್ತೇನಿ.”

ಒಂದು ಬಟ್ಟಲು ಅಂಬಲಿ ತಂದು ಅವಳಿಂದ ದೂರ, ಬಾಗಿಲ ಹತ್ತಿರ ಕೂತೆ. ಕುಡಿದೆ. ಅವಳು ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೆಂಗೈತ್ರಿ? ಅವ್ವನ ಹಂಗ ಐತೇನು?”

ಆಕೆಯ ಕೈ ಅಂಬಲಿಯನ್ನು ನಾನು ಯಾವತ್ತು ಉಂಡಿದ್ದೆ? ಎಷ್ಟು ವರ್ಷದಿಂದ ಅದರೊಳಗೆ ತುಕ್ಕಾನಟ್ಟಿಯ ನೀರು, ನಮ್ಮ ಹೊಲದ ಜೋಳ, ನಮ್ಮ ವೈನಿಯ ಕೈ ಸೇರಿದ್ದವು. ಇದು ಇನ್ನೂ ಆ ತಾಯಿಯದೇ ಹೌದೋ ಅಲ್ಲವೋ ಎಂದು ಹೇಳಬಲ್ಲ ನಾಲಿಗೆ ಲೋಕದಲ್ಲಿ ಒಂದೇ ಇತ್ತು. ಅದು ನನ್ನೆದುರು ಕಟ್ಟೆಯ ಮೇಲೆ ಕೂತಿತ್ತು.

“ಹುಳಿ ಐತಿ,” ಎಂದೆ.

“ಹುಳಿ ಹೋದ ಮ್ಯಾಲ, ನಾಲಿಗಿ ಹಿಂದ ಒಂದೀಟ ಸಿಹಿ ಬರತೈತಿ. ಬಾಯಿ ಮುಚಗೊಂಡ ಸುಮ್ನ ಕುಂಡ್ರಬೇಕು. ಬಂತೇನ್ರಿ?”

ಬಾಯಿ ಮುಚ್ಚಿಕೊಂಡು ಕೂತೆ. ಅವಳೂ ಬಾಯಿ ಮುಚ್ಚಿಕೊಂಡು ಕೂತಳು. ಅಂಬಲಿಯಿಂದ ಬಂತೋ ಅವಳು ಕೇಳಿದ್ದಕ್ಕೆ ಬಂತೋ, ನಾಲಿಗೆಯ ಹಿಂದೆ ಸಣ್ಣಗೆ ಏನೋ ಬಂದಂತಾಯಿತು.

“ಬಂತವಾ,” ಎಂದೆ.

ಅವಳು ಕಣ್ಣು ಮುಚ್ಚಿದಳು. ಕಣ್ಣು ತೆರೆಯದೆಯೇ, “ಇನ್ನೊಂದ ಬಟ್ಟಲ ಕುಡೀರಿ ಅಕ್ಕಾ,” ಎಂದಳು.

ನನ್ನ ಹೊಟ್ಟೆ ತುಂಬಿತ್ತು. ಎದ್ದು ಒಳಗೆ ಹೋಗಿ ಬಟ್ಟಲು ತುಂಬಿಸಿಕೊಂಡು ಬಂದೆ.